ನೀಲಕ್ಕನ ನಿಂಬೆಗಿಡಗಳು ಸತ್ತ ವರ್ಷ

ಹೋದ ತಿಂಗಳು ಸಿಂದಗಿಯಲ್ಲಿ ಬಾಗೇವಾಡಿ ಬಸ್ಸು ಹತ್ತಿದೆ. ಡ್ರೈವರನ ಸೀಟಿನ ಹಿಂದೆ ಯಾರೋ ಎರಡು ಚೀಲ ನಿಂಬೆಹಣ್ಣು ಇಟ್ಟಿದ್ದರು. ಹತ್ತಿ ಇಳಿಯುವವರ ಕಾಲಿಗೆ ಸಿಕ್ಕು ಒಂದೆರಡು ಹಣ್ಣು ಅಪ್ಪಚ್ಚಿಯಾಗಿ, ದೇವರ ಹಿಪ್ಪರಗಿ ಬರುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಆ ವಾಸನೆಯಿಂದ ತುಂಬಿತು. ಪಕ್ಕದಲ್ಲಿ ಕೂತ ಹೆಣ್ಣುಮಗಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಎಷ್ಟು ಛಲೋ ವಾಸನಿ ನೋಡ್ರಿ ಅಕ್ಕಾರ" ಅಂದಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬಸ್ಸಿನಲ್ಲಿ ಹೊಟ್ಟೆ ತೊಳಸಿದವರಿಗೆ ನಿಂಬೆಹಣ್ಣು ಮೂಸಲು ಕೊಡುತ್ತಾರೆ. ನನಗೆ ಅದನ್ನು ಮೂಸಿದರೇ ಹೊಟ್ಟೆ ತೊಳಸುತ್ತದೆ. ಮನೆಗೆ ಬಂದು ಎರಡು ಸಲ ಮುಖ ತೊಳೆದರೂ ಆ ವಾಸನೆ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮವರು ಪಾಸ್ಟರು. ಏಳು ವರ್ಷದ ಹಿಂದೆ ಅವರಿಗೆ ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಸಭೆ ಕೊಟ್ಟರು. ಊರಿನ ಹೆಸರು ಬೇಡ. ಇಂಡಿಯಿಂದ ಸಿಂದಗಿ ಕಡೆ ಬರುವ ರಸ್ತೆಯಲ್ಲಿ ಇಳಿದು ಒಳಗೆ ಒಂದು ತಾಸು ನಡೆದರೆ ಸಿಗುವ ಊರು. ಹದಿನಾಲ್ಕು ಕ್ರೈಸ್ತ ಮನೆ, ತಗಡು ಹೊದಿಸಿದ ಒಂದು ಪ್ರಾರ್ಥನಾ ಮಂದಿರ. ನಾನು ಮುದ್ದೇಬಿಹಾಳದವಳು. ಮದುವೆಯಾಗಿ ಎರಡು ವರ್ಷಕ್ಕೆ ಅದು ನನಗೆ ಮೂರನೆಯ ಮನೆ. ಪಾತ್ರೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಸಾಕಾಗಿ ಹೋಗಿತ್ತು. ಇಲ್ಲಿಯಾದರೂ ನಾಲ್ಕು ವರ್ಷ ಇರಲಪ್ಪಾ ದೇವರೇ ಎಂದು ಬೇಡಿಕೊಂಡೇ ಜೂನಿನಲ್ಲಿ ಆ ಊರಿಗೆ ಇಳಿದೆ.

ನಮಗೆ ಇರಲು ಮನೆ ಕೊಟ್ಟವರು ದಾನಪ್ಪ ಹಿರಿಯರು. ನಮ್ಮ ಸಭೆಗಳಲ್ಲಿ ಪಾಸ್ಟರ ಜೊತೆ ನಿಂತು ಸಭೆ ನಡೆಸುವವರಿಗೆ ಹಿರಿಯರು ಅನ್ನುತ್ತಾರೆ. ಮಂದಿರ ಕಟ್ಟಿದ ಜಾಗ ದಾನಪ್ಪನವರ ಅಪ್ಪ ಕೊಟ್ಟದ್ದು. ನಾವಿದ್ದ ಎರಡು ಕೋಣೆ ಅವರ ಮನೆಯ ಹಿಂಭಾಗ. ಅರವತ್ತು ದಾಟಿದ್ದರೂ ನೆಟ್ಟಗಿದ್ದರು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಮಾತಾಡಿದರೆ ಲವಂಗದ ಗಾಳಿ ನಮ್ಮ ಮುಖಕ್ಕೆ ಬರುತ್ತಿತ್ತು. ಅವರ ಹೆಂಡತಿ ಎಸ್ತರವ್ವ ಗಂಡನ ಮುಂದೆ ಹೆಚ್ಚು ಮಾತಾಡುವವಳಲ್ಲ. ಹಾಲು ಕರೆದ ಕೂಡಲೇ ಒಂದು ಲೋಟ ತಂದು ನನ್ನ ಹೊಸ್ತಿಲಲ್ಲಿ ಇಟ್ಟು ಹೋಗುವಳು. ಇಂಥ ಮನೆ ಸಿಕ್ಕಿದ್ದು ನಮ್ಮ ಪುಣ್ಯ ಅಂದುಕೊಂಡಿದ್ದೆ.

ದಾನಪ್ಪನವರ ಹೊಲದ ಬದುವಿನಾಚೆ ನೀಲವ್ವನ ತೋಟ. ನಾನು ಅವಳನ್ನು ನೀಲಕ್ಕ ಅನ್ನುತ್ತಿದ್ದೆ. ಅವಳ ಗಂಡ ಮಾಳಪ್ಪ ಕುರಿ ಮಂದೆ ಹೊಡೆದುಕೊಂಡು ದಸರೆ ಮುಗಿದ ಮೇಲೆ ಕೊಲ್ಹಾರದ ಹಿನ್ನೀರಿನ ಕಡೆ ಹೋದರೆ ಮುಂಗಾರಿಗೇ ತಿರುಗಿ ಬರುವುದು. ಅಷ್ಟೂ ತಿಂಗಳು ತೋಟ ಅವಳೊಬ್ಬಳದೇ. ನಲವತ್ತು ನಿಂಬೆಗಿಡ. ಒಂದೊಂದಕ್ಕೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು, ಪೈಪು ಬಂದದ್ದು ಆಮೇಲೆ. ಇಂಡಿ ಸೀಮೆಯಲ್ಲಿ ನಿಂಬೆ ಹೊಸದೇನಲ್ಲ, ಆದರೆ ಅವಳ ಗಿಡಗಳನ್ನು ನೋಡಲು ಬೇರೆ ಊರಿನವರೂ ಬರುತ್ತಿದ್ದರು. ಕಡುಹಸಿರು ಎಲೆ, ನೆಲ ಮುಟ್ಟುವ ಟೊಂಗೆ. ಮುಳ್ಳು ತಾಗದ ಹಾಗೆ ಹಣ್ಣು ಹರಿಯುವುದನ್ನು ನನಗೆ ಕಲಿಸಿದವಳು ಅವಳೇ. "ಕೈ ಕೆಳಗಿಂದ ಹಾಕು ತಂಗಿ, ಮ್ಯಾಲಿಂದ ಹಾಕಿದ್ರ ಗಿಡಕ್ಕ ಸಿಟ್ಟು ಬರ್ತೈತಿ" ಅನ್ನುವಳು. ಮಳೆಗಾಲವೆಲ್ಲ ನನ್ನ ಮಧ್ಯಾಹ್ನಗಳು ಅವಳ ತೋಟದಲ್ಲೇ ಕಳೆದವು. ಆಗ ನನಗೆ ಆ ವಾಸನೆ ಎಷ್ಟು ಇಷ್ಟವಿತ್ತೆಂದರೆ ಕೈ ತೊಳೆಯದೇ ಮನೆಗೆ ಬರುತ್ತಿದ್ದೆ.

ಎಳ್ಳಮಾಸಿಯ ದಿನ ನೀಲಕ್ಕ ನಮ್ಮನ್ನೂ ದಾನಪ್ಪನವರ ಮನೆಯವರನ್ನೂ ತೋಟಕ್ಕೆ ಕರೆದಳು. ಆ ಹಬ್ಬಕ್ಕೆ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುತ್ತಾರೆ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ. ಸುತ್ತಲೂ ಬಿಳಿಜೋಳ ಎದೆಮಟ್ಟ ನಿಂತಿತ್ತು. ಗಿಡದ ನೆರಳಿಗೆ ಇಪ್ಪತ್ತು ಜನ ಕೂತಿದ್ದೆವು. ಉಣ್ಣುತ್ತಾ ಉಣ್ಣುತ್ತಾ ಯಾರೋ ಒಬ್ಬರು, "ಹಿರಿಯಾರ, ಬದುವಿನಾಚಿ ನಿಮ್ಮ ಗಿಡಾನೂ ಅದಾವ, ಈಚಿ ಇವೂ ಅದಾವ. ಮಣ್ಣು ಒಂದ, ನೀರು ಒಂದ. ಹಿಂಗ್ಯಾಕ್ರಿ?" ಅಂದು ನಕ್ಕರು. ಎಲ್ಲರೂ ನಕ್ಕರು. ದಾನಪ್ಪನವರೂ ನಕ್ಕು, "ನೀಲವ್ವನ ಕೈಗುಣಾಪಾ" ಅಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅವರ ಗಿಡಗಳು ಹಳದಿಯಾಗಿ ಸೊರಗಿದ್ದವು ನಿಜ. ಅವರು ಊರ ಪಂಚಾಯಿತಿ, ಸಭೆಯ ಕೆಲಸ ಎಂದು ತಿರುಗುವವರು, ಗಿಡದ ಬುಡ ಕೆದರಿದವರೇ ಅಲ್ಲ.

ಆ ಹೋಳಿಗೆ ಅವರ ಹೊಟ್ಟೆಯಲ್ಲಿ ಕರಗುವ ಮೊದಲೇ ಅವರು ಏನು ಯೋಚಿಸಿದರೋ.

ಜನವರಿ ಕೊನೆಗೆ ಮೊದಲ ಗಿಡ ಬಾಡಿತು. ಆಮೇಲೆ ವಾರಕ್ಕೆ ಮೂರು, ನಾಲ್ಕು. ಎಲೆ ಮುದುಡಿ, ತುದಿ ಒಣಗಿ, ಕಾಯಿ ಗಿಡದಲ್ಲೇ ಸುಕ್ಕಾಗಿ ಉದುರುತ್ತಿತ್ತು. ಬುಡದಲ್ಲಿ ಕೊಳೆತ ನಿಂಬೆಯ ರಾಶಿ, ಅದರ ಮೇಲೆ ನೊಣ. ನೀಲಕ್ಕ ನೀರು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು, ಬುಡ ಬಿಡಿಸಿ ಗೊಬ್ಬರ ಹಾಕಿದಳು. ತೋಟಗಾರಿಕೆಯ ಸಾಹೇಬರನ್ನು ಕರೆತಂದಳು. ಅವರು ಗಿಡದ ಸುತ್ತ ಒಂದು ಸುತ್ತು ಹಾಕಿ, ಬೇರು ಕೊಳೆರೋಗ ಇರಬೇಕು, ಎಲ್ಲ ಗಿಡಗಳ ಕಾಂಡಕ್ಕೂ ಸುಣ್ಣ, ಮೈಲುತುತ್ತ ಕಲಸಿ ಬಳಿಯಿರಿ ಎಂದು ಹೇಳಿ ಹೋದರು. ಫೆಬ್ರವರಿ ಮಧ್ಯದ ಹೊತ್ತಿಗೆ ಹನ್ನೊಂದು ಗಿಡ ಹೋಗಿದ್ದವು.

ಆ ದಿನಗಳಲ್ಲಿ ದಾನಪ್ಪನವರು ದಿನಾ ಮಧ್ಯಾಹ್ನ ಅವಳ ತೋಟಕ್ಕೆ ಹೋಗುತ್ತಿದ್ದರು. ಸಂತೆಗೆ ಅವಳು ಇಂಡಿಗೆ ಹೋದ ದಿನ, "ನೀ ನಿಶ್ಚಿಂತಿ ಹೋಗವಾ, ನಾ ನೋಡ್ಕೋತೇನಿ" ಎಂದು ತಾವೇ ಕಾವಲು ಕೂರುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಬಾಡುತ್ತಿದ್ದ ಒಂದು ಗಿಡದ ಕಾಂಡದ ಮೇಲೆ ಕೈ ಇಟ್ಟು, ನೀಲಕ್ಕನಿಗೂ ಕಣ್ಣು ಮುಚ್ಚಲು ಹೇಳಿ ಪ್ರಾರ್ಥನೆ ಮಾಡಿದರು. "ಕರ್ತನೇ, ಈ ತಂಗೀ ಕಣ್ಣೀರು ನೋಡು. ಈ ಗಿಡಕ್ಕ ಜೀವಾ ಕೊಡು. ಯಾವ ದುಷ್ಟಶಕ್ತಿ ಇದನ್ನ ಹಿಡದೈತೋ ಅದನ್ನ ಓಡಸು." ಅವರ ಧ್ವನಿ ನಡುಗಿತು. ನೀಲಕ್ಕ ನಮ್ಮ ದೇವರನ್ನು ನಂಬಿದವಳಲ್ಲ, ಆದರೂ ಕೈ ಮುಗಿದು ಅತ್ತಳು. ನಾನು ಕಣ್ಣು ಮುಚ್ಚಿ ಆಮೆನ್ ಅಂದೆ. ಲವಂಗದ ವಾಸನೆ, ಕೊಳೆತ ನಿಂಬೆಯ ವಾಸನೆ ಎರಡೂ ಕೂಡಿ ಬರುತ್ತಿದ್ದವು.

ಅದಾದ ಮಂಗಳವಾರ ನಾನೂ ನೀಲಕ್ಕನೂ ಸುಣ್ಣ ಬಳಿಯಲು ನಿಂತೆವು. ಅವಳು ಬಾವಿಯ ಕಡೆಯಿಂದ, ನಾನು ಬದುವಿನ ಕಡೆಯಿಂದ. ಬದುವಿನ ಕಡೆಯವು ಬಹಳಷ್ಟು ಸತ್ತಿದ್ದವು, ಆದರೂ ರೋಗ ಹಬ್ಬಬಾರದೆಂದು ಅವಕ್ಕೂ ಬಳಿಯುತ್ತಿದ್ದೆ. ಒಂದು ಸತ್ತ ಗಿಡದ ಬುಡದಲ್ಲಿ, ನೆಲಕ್ಕಿಂತ ನಾಲ್ಕು ಬೆರಳು ಮೇಲೆ, ಒಣಗಿದ ಕೆಸರು ಮೆತ್ತಿತ್ತು. ಬ್ರಶ್ಶಿನಿಂದ ಉಜ್ಜಿದೆ. ಕೆಸರು ಉದುರಿ ಒಳಗೆ ಕೆಂಪಗೆ ಏನೋ ಕಂಡಿತು. ಉಗುರಿನಿಂದ ಕೆದರಿದೆ. ಮೇಣ. ಕೆಂಪು ಮೇಣದ ಬಿರಡೆ. ಅದು ಕಿತ್ತು ಬಂದಾಗ ಹಿಂದೆ ಕಿರುಬೆರಳು ಹೋಗುವಷ್ಟು ದುಂಡನೆಯ ತೂತು, ಒಳಗಿನಿಂದ ಔಷಧದ ಘಾಟು. ಆ ಘಾಟು ಗೊತ್ತಿಲ್ಲದ ರೈತರ ಮನೆ ನಮ್ಮ ಕಡೆ ಇಲ್ಲ. ಹೊಲದ ಕಳೆ ಸುಡಲು ಹೊಡೆಯುವ ಎಣ್ಣೆ.

ನನ್ನ ಕೈಯಲ್ಲಿದ್ದ ಆ ಕೆಂಪು ಚೂರನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಆ ವರ್ಷ ಕ್ರಿಸ್‌ಮಸ್ಸಿಗೆ ಇಂಡಿಯ ಅಂಗಡಿಯಲ್ಲಿ ಬಿಳಿ ಮೇಣದಬತ್ತಿ ಮುಗಿದಿವೆ ಎಂದು ನಮ್ಮವರು ಕೆಂಪನ್ನೇ ತಂದಿದ್ದರು. ಉರಿದು ಉಳಿದ ತುಂಡುಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಸಿ ಇಟ್ಟವಳು ನಾನು. "ಅಮ್ಮಾರ, ಆ ಮೇಣದ ಚೂರು ಕೊಡ್ರಿ, ನಮ್ಮ ಪೈಪು ಸೋರಾಕತ್ತೈತಿ, ಮೆತ್ತತೇನಿ" ಎಂದು ದಾನಪ್ಪನವರು ಕೇಳಿದಾಗ ಡಬ್ಬಿಯನ್ನೇ ಕೊಟ್ಟವಳೂ ನಾನು.

"ಏನಾತ ತಂಗಿ? ಚೇಳು ಕಡೀತೇನ?" ಎಂದು ನೀಲಕ್ಕ ಬಾವಿಯ ಕಡೆಯಿಂದ ಕೂಗಿದಳು.

"ಏನಿಲ್ಲಕ್ಕಾ" ಅಂದೆ. ಮೇಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ತೂತಿನ ಮೇಲೆ ಸುಣ್ಣ ಬಳಿದೆ.

ಹೌದು, ಬಳಿದೆ. ನನ್ನ ಕೈಯಾರೆ.

ಮನೆಗೆ ಬಂದವಳು ಸುಮ್ಮನಿರಲಾರದೆ, ಮೊಸರಿಗೆ ಹೆಪ್ಪು ಬೇಕೆಂಬ ನೆವದಲ್ಲಿ ಎಸ್ತರವ್ವನ ಕಡೆ ಹೋದೆ. ಅವಳು ಒಳಗೆ ಹೋದಾಗ ದನದ ಕೊಟ್ಟಿಗೆಯ ಗೂಡಿನಲ್ಲಿ ನೋಡಿದೆ. ಕಟ್ಟಿಗೆಗೆ ತೂತು ಹಾಕುವ ಕೈಬೈರಿಗೆ. ದನಕ್ಕೆ ಚುಚ್ಚುವ ದಪ್ಪ ಸಿರಿಂಜು. ಮಸಿ ಹಿಡಿದ ಒಂದು ಸಣ್ಣ ಬಟ್ಟಲು, ಅದರ ತಳದಲ್ಲಿ ಹೆಪ್ಪುಗಟ್ಟಿದ ಕೆಂಪು. ಬಚ್ಚಿಟ್ಟೂ ಇರಲಿಲ್ಲ. ಮಜ್ಜಿಗೆ ಕಡೆಯುವ ಕಡಗೋಲಿನ ಪಕ್ಕದಲ್ಲಿ ಹಾಗೇ ಇಟ್ಟಿದ್ದರು. ಅಷ್ಟರಲ್ಲಿ ದಾನಪ್ಪನವರೇ ಬಂದು, "ಅಮ್ಮಾರ, ಸುಣ್ಣ ಹಚ್ಚೂದು ಆತೇನ್ರಿ? ಪಾಪ, ನೀವರೆ ಆಕೀಗಿ ಆಸರಾಗೀರಿ. ದೇವರು ನಿಮ್ಮನ್ನ ಆಶೀರ್ವದಿಸಲಿ" ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಎಸ್ತರವ್ವ ಚಹಾ ತಂದಳು. ಕುಡಿದೆ. ಆ ಸಂಜೆ ಮೂರು ಸಲ ತಲೆಗೆ ನೀರು ಹಾಕಿಕೊಂಡೆ.

ನಮ್ಮವರಿಗೆ ಎಲ್ಲ ಹೇಳಿದೆ. ಮೇಣ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ದೀಪದ ಹತ್ತಿರ ಹಿಡಿದು ನೋಡಿದರು. ಆಮೇಲೆ, "ನಾಳೆ ನೀಲವ್ವಗ ಹೇಳೂಣು" ಅಂದರು. ತುಸು ತಡೆದು, "ಹೇಳಿದ್ರ ಈ ಮನಿ ಬಿಡಬೇಕಾಗ್ತೈತಿ. ಮಂದಿರದ ಜಾಗಾನೂ ಅವರದ" ಅಂದರು. ಇನ್ನೂ ತುಸು ತಡೆದು, "ಐತವಾರ ನಾ ಬೋಧನೆಯೊಳಗ ಹೇಳ್ತೇನಿ. ಅವರಿಗಿ ಅವರ ತಿಳೀತೈತಿ. ದೇವರ ಮಾತು ಮನಸ್ಸಿಗಿ ಹತ್ತಿದ್ರ ಅವರ ಹೋಗಿ ಒಪ್ಪಿಕೋತಾರ" ಅಂದರು. ನಾನು ಅವರನ್ನು ಬೈಯಬೇಕಿತ್ತು. ಬೈಯಲಿಲ್ಲ. ಗೋಡೆಗೆ ಆಗಷ್ಟೇ ಹೊಸದಾಗಿ ಹೊಡೆದ ಮೊಳೆ, ಜೋಡಿಸಿಟ್ಟ ಡಬ್ಬಿಗಳು ಕಣ್ಣಿಗೆ ಬಿದ್ದವು. "ಹೂಂ, ಹಂಗ ಮಾಡ್ರಿ" ಅಂದೆ.

ಐತವಾರ ಅವರು ಓದಿದ್ದು ಮೋಶೆಯ ಕಾಲದ ಒಂದು ಭಾಗ. ಎದುರು ಬದುರು ಎರಡು ಗುಡ್ಡ. ಜನರೆಲ್ಲ ಅಲ್ಲಿ ನಿಲ್ಲಬೇಕು. ಒಂದೊಂದೇ ಪಾಪದ ಹೆಸರು ಹೇಳಿ ಅದನ್ನು ಮಾಡುವವನಿಗೆ ಶಾಪ ಎಂದು ಕೂಗುತ್ತಾರೆ, ಜನ ಪ್ರತಿಯೊಂದಕ್ಕೂ ಆಮೆನ್ ಅನ್ನಬೇಕು. ನೆರೆಯವನ ಗಡಿಕಲ್ಲು ಸರಿಸುವವನು. ಕುರುಡನಿಗೆ ದಾರಿ ತಪ್ಪಿಸುವವನು. ನೆರೆಯವನನ್ನು ಗುಟ್ಟಾಗಿ ಹೊಡೆಯುವವನು. ನಮ್ಮವರು ಹೇಳಿದರು: "ಈ ಪಾಪಗಳನ್ನ ಯಾಕ ಆರಿಸಿದ್ರು ಗೊತ್ತೇನ್ರಿ? ಇವಕ್ಕ ಸಾಕ್ಷಿ ಇರೂದಿಲ್ಲ. ಕುರುಡಗ ಯಾರು ದಾರಿ ತಪ್ಪಿಸಿದ್ರು ಅಂತ ಕುರುಡಗ ಕಾಣಸೂದಿಲ್ಲ. ಗಡಿಕಲ್ಲಿಗಿ ಬಾಯಿ ಇಲ್ಲ. ಹಿಂದಿನಿಂದ ಹೊಡದವನ ಮಾರಿ ಬಿದ್ದವಗ ಕಾಣಸೂದಿಲ್ಲ. ಪಂಚರು ಹಿಡಿಯಾಕ ಆಗದ ಪಾಪ ಇವು. ಅದಕ್ಕ ಮಾಡಿದವನ ಬಾಯಿಂದನ ಆಮೆನ್ ಅನಸ್ತಾರ. ತನ್ನ ಶಾಪಕ್ಕ ತಾನ ಸಹಿ ಹಾಕಲಿ ಅಂತ."

ಆಮೇಲೆ ಆ ಸಾಲುಗಳನ್ನು ಒಂದೊಂದಾಗಿ ಓದಿ, ಸಭೆಯಿಂದ ಆಮೆನ್ ಅನ್ನಿಸಿದರು. ಗುಟ್ಟಾಗಿ ಹೊಡೆಯುವವನ ಸಾಲು ಬಂದಾಗ ನಾನು ಹೆಂಗಸರ ಚಾಪೆಯಿಂದ ಕತ್ತೆತ್ತಿ ದಾನಪ್ಪನವರನ್ನೇ ನೋಡಿದೆ. ಎಲ್ಲರಿಗಿಂತ ಗಟ್ಟಿಯಾಗಿ ಅವರೇ ಆಮೆನ್ ಅಂದರು. ಧ್ವನಿ ಒಂದು ಎಳೆಯೂ ಅಲ್ಲಾಡಲಿಲ್ಲ. ಹೊರಗೆ ಬಂದ ಮೇಲೆ ನಮ್ಮವರ ಕೈ ಹಿಡಿದು, "ಬಾಳ ಛಲೋ ಬೋಧನಾ ಅಯ್ಯಾರ. ಈಗಿನ ಮಂದಿಗಿ ಇಂಥಾವ ಬೇಕು" ಅಂದರು.

ನನಗೆ ಅವರ ಮೇಲೆ ಬಂದ ಹೇಸಿಗೆಗಿಂತ ಹೆಚ್ಚಿನ ಹೇಸಿಗೆ ನಮ್ಮ ಮೇಲೆ ಬಂತು. ಅವರು ಮರೆಯಲ್ಲಿ ನಿಂತು ಹೊಡೆದಿದ್ದರು. ನಾವು ದೇವರ ವಾಕ್ಯದ ಮರೆಯಲ್ಲಿ ನಿಂತು ಬೈದಿದ್ದೆವು. ಹೆಸರು ಹೇಳಿರಲಿಲ್ಲ, ಕೈ ತೋರಿಸಿರಲಿಲ್ಲ. ಹೊಡೆತ ತಿಂದವಳು ಊರಾಚೆ ತನ್ನ ತೋಟದಲ್ಲಿ ತಾನೇ ಏನು ತಪ್ಪು ಮಾಡಿದೆನೋ ಎಂದು ನೆಲ ಕೆದರುತ್ತಾ ಕೂತಿದ್ದಳು. ಇಷ್ಟೆಲ್ಲ ಗೊತ್ತಾದ ಮೇಲೂ ಸೋಮವಾರ ಸುಮ್ಮನಿದ್ದೆ. ಮಂಗಳವಾರವೂ. ಬುಧವಾರವೂ.

ಗುರುವಾರ ನೀಲಕ್ಕ ತಾನೇ ಬಂದಳು. ಚಪ್ಪಲಿ ಹಾಕಿರಲಿಲ್ಲ. "ತಂಗಿ, ಸುಣ್ಣ ಹಚ್ಚಿದ ಗಿಡಾನೂ ಹೋಗಾಕತ್ತಾವ. ಬಾವೀ ಕಡೆದು ಮೂರು. ಅವು ಎಷ್ಟು ಛಲೋ ಇದ್ದೂ" ಅಂದಳು. ಅವಳ ಹಿಂದೆ ಹೋದೆ. ಮೂರು ಗಿಡಗಳ ಎಲೆ ಬಾಡಿ ಜೋತಿದ್ದವು. ಬಗ್ಗಿ ನೋಡಿದೆ. ಬಿಳಿ ಸುಣ್ಣದ ನಡುವೆ ಒಡೆದ ಗುರುತು, ಅದರ ಮೇಲೆ ಹೊಸ ಕೆಸರು. ಸುಣ್ಣ ಬಳಿದ ಮೇಲೆ ಕೊರೆದದ್ದು. ನಾನು ಸುಮ್ಮನಿದ್ದ ದಿನಗಳಲ್ಲಿ ಕೊರೆದದ್ದು.

ಅಲ್ಲೇ ಕೂತು ಕೆಸರು ತೆಗೆದು, ಬಿರಡೆ ಕಿತ್ತು ಅವಳ ಕೈಗೆ ಕೊಟ್ಟೆ. ಕ್ರಿಸ್‌ಮಸ್ಸಿನ ಮೇಣ, ಬಿಸ್ಕೀಟಿನ ಡಬ್ಬಿ, ಕೊಟ್ಟಿಗೆಯ ಗೂಡು ಎಲ್ಲ ಹೇಳಿದೆ. ನೀಲಕ್ಕ ತೂತಿನೊಳಗೆ ಬೆರಳು ಹಾಕಿ, ತೆಗೆದು, ಮೂಸಿ ನೋಡಿದಳು. ಆಮೇಲೆ ಕೇಳಿದಳು:

"ನಿನಗ ಯಾವಾಗ ಗೊತ್ತಾತು?"

"ಸುಣ್ಣ ಹಚ್ಚಿದ ದಿನ."

ಅವಳು ಬೆರಳು ಮಡಚಿ ಎಣಿಸಿದಳು. "ಒಂಬತ್ತು ದಿನ" ಅಂದಳು. ಎದ್ದು ಕೊಡಲಿ ತರಲು ಹೋದಳು. ನಾನು ಅಲ್ಲಿ ಇಲ್ಲವೇನೋ ಎಂಬಂತೆ ನನ್ನನ್ನು ದಾಟಿ ಹೋದಳು.

ಮುಂದಿನ ಐತವಾರ ಪ್ರಾರ್ಥನೆ ಮುಗಿದು ಎಲ್ಲರೂ ಮಂದಿರದ ಮುಂದಿನ ನೆರಳಿನಲ್ಲಿ ನಿಂತಿದ್ದೆವು. ನೀಲಕ್ಕ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಮೊಳದುದ್ದದ ನಿಂಬೆಯ ಕೊರಡು ಹೊತ್ತು ಬಂದಳು. ಮೆಟ್ಟಿಲ ಮೇಲೆ ಇಳಿಸಿದಳು. ಅದನ್ನು ತೂತಿನ ಗುಂಟ ಸೀಳಿದ್ದಳು. ಬಿಳಿ ಕಟ್ಟಿಗೆಯ ನಡುವೆ ಕಪ್ಪಗೆ ಸುಟ್ಟ ಗೆರೆ, ಬಾಯಿಗೆ ಕೆಂಪು ಮೇಣ.

"ಹಿರಿಯಾರ, ಈ ಗಿಡದ ಮ್ಯಾಲ ಕೈ ಇಟ್ಟು ನೀವು ಪ್ರಾರ್ಥನಾ ಮಾಡಿದ್ರಿ. ಗುರ್ತು ಹತ್ತೈತೇನ್ರಿ?" ಅಂದಳು.

ದಾನಪ್ಪನವರು ನಕ್ಕರು. "ಏನವಾ ಇದು? ಯಾರು ನಿನ್ನ ತಲಿ ಕೆಡಸ್ಯಾರ?" ಎಂದು ನನ್ನ ಕಡೆ ನೋಡಿದರು.

ನಾನು ಮುಂದೆ ಬಂದು, "ನಾನ ಹೇಳೇನ್ರಿ. ಆ ಮೇಣ ನಾ ನಿಮಗ ಕೊಟ್ಟಿದ್ದು. ನಿಮ್ಮ ಕೊಟ್ಟಿಗ್ಯಾಗ ಬೈರಿಗಿ ನೋಡೇನಿ" ಅಂದೆ.

"ಮೇಣ ಊರಾಗ ಯಾರ ಮನ್ಯಾಗರೆ ಇರ್ತೈತಿ. ಬೈರಿಗಿ ಇಟ್ಟಾವರೆಲ್ಲಾ ಕಳ್ಳರೇನ? ನಮ್ಮ ಮನ್ಯಾಗಿದ್ದು ನಮ್ಮ ಮ್ಯಾಲ..."

"ನಾ ಕಂಡೇನಿ" ಎಂಬ ದನಿ ಬಂತು. ಎಸ್ತರವ್ವ. ಅಷ್ಟು ಜನರ ಮುಂದೆ ಅವಳು ಬಾಯಿ ತೆರೆದದ್ದನ್ನು ನಾವ್ಯಾರೂ ನೋಡಿರಲಿಲ್ಲ. "ಒಲಿ ಮ್ಯಾಲ ಮೇಣ ಕರಗಸೂದು ಕಂಡೇನಿ. ಯಾಕಂತ ಕೇಳಿದ್ದಕ್ಕ ಪೈಪಿಗಿ ಅಂದ್ರು. ನಮ್ಮ ಪೈಪು ಸೋರಿದ್ದ ಇಲ್ಲ. ಗೊತ್ತಾಗೂದು ಗೊತ್ತಾಗೇತಿ ನನಗ. ನಾನೂ ಸುಮ್ಮನ ಇದ್ನಿ."

ಆಗ ದಾನಪ್ಪನವರ ಮುಖ ನೋಡಬೇಕಿತ್ತು. ನಾಚಿಕೆ ಬರಬಹುದು, ಭಯ ಬರಬಹುದು ಅಂದುಕೊಂಡಿದ್ದೆ. ಎರಡೂ ಅಲ್ಲ. ಊಟದಲ್ಲಿ ಕಲ್ಲು ಸಿಕ್ಕವರ ಹಾಗೆ ಮುಖ ಕಿವುಚಿದರು. "ಏನಾತೀಗ? ಮನುಷ್ಯಾರನ್ನ ಕೊಂದೇನೇನ ನಾ? ಗಿಡ ಅವು. ಊರ ಮಂದಿ ಮುಂದ ನನ್ನ ನಗಿಗೇಡು ಮಾಡೂ ಮುಂದ ಯಾರಿಗೂ ಏನೂ ಅನಸಲಿಲ್ಲ" ಅಂದರು. ಮತ್ತೆ ನಮ್ಮವರ ಕಡೆ ತಿರುಗಿ, ದನಿ ತಗ್ಗಿಸಿ, ಬುದ್ಧಿ ಹೇಳುವವರ ಹಾಗೆ, "ಅಯ್ಯಾರ, ಆಕೀ ನಮ್ಮ ಸಭಾದಾಕಿ ಅಲ್ಲ. ನಮ್ಮ ಮಾತು ನಮ್ಮೊಳಗ ಇರಲಿ" ಅಂದರು.

ಲವಂಗದ ವಾಸನೆ ನಾನು ನಿಂತಲ್ಲಿಯವರೆಗೂ ಬಂತು.

ನಮ್ಮವರು ಮಂದಿರದ ಬೀಗದ ಕೈ ತೆಗೆದು ಅವರ ಕೈಯಲ್ಲಿಟ್ಟರು. "ನೆರೆಯವ ಅಂತ ಬರದೈತ್ರಿ. ಯಾವ ಸಭಾದಾಂವ ಅಂತ ಬರದಿಲ್ಲ. ಹೋದ ವಾರ ನೀವ ಆಮೆನ್ ಅಂದೀರಿ. ನಾನು ಎಲ್ಲಾ ಗೊತ್ತಿದ್ದು ನಿಮ್ಮ ಹೆಸರು ಹೇಳಲಿಲ್ಲ. ಅದು ನನ್ನ ತಪ್ಪು" ಅಂದರು. ಎಲ್ಲರ ಮುಂದೆಯೇ ನೀಲಕ್ಕನಿಗೆ ಕೈ ಮುಗಿದರು. ಅವಳು ನೋಡಲಿಲ್ಲ.

ಯಾರೋ ಪೊಲೀಸರಿಗೆ ಹೇಳೋಣ ಅಂದರು. "ಠಾಣೇಕ ಹೋದ್ರ ನನ್ನ ಗಿಡ ಚಿಗೀತಾವೇನ?" ಅಂದಳು ನೀಲಕ್ಕ. "ನನಗ ಒಂದ ಬೇಕು. ಅಂವ ಹಗಲೊತ್ತಿನ್ಯಾಗ ಬರಬೇಕು. ಎಲ್ಲಾರೂ ನೋಡಬೇಕು. ತಾ ಕೊಂದ ಹದಿನಾಕೂ ಗಿಡ ತನ್ನ ಕೈಯಿಂದ ಬೇರುಸಹಿತ ಕೀಳಬೇಕು."

ದಾನಪ್ಪನವರು ಬರಲಿಲ್ಲ. ಬಂದವಳು ಎಸ್ತರವ್ವ. ಸೋಮವಾರ ಬೆಳಿಗ್ಗೆ ಗುದ್ದಲಿ ಹೆಗಲಿಗೇರಿಸಿಕೊಂಡು, ಊರ ನಡುವೆ ಹಾದು, ತೋಟಕ್ಕೆ ಹೋದಳು. "ನಿನ್ನ ಕರದಿಲ್ಲ, ಹೋಗು" ಎಂದು ನೀಲಕ್ಕ ಕಳಿಸಿದಳಂತೆ. ಮಂಗಳವಾರ ಮತ್ತೆ ಹೋದಳು. ಆ ದಿನ ನೀಲಕ್ಕ ಮಾತಾಡಲಿಲ್ಲವಂತೆ, ಅವಳು ಅಗೆಯುತ್ತಾ ಇದ್ದಳು. ಬುಧವಾರ ನೀಲಕ್ಕ ಕುಡಿಯಲು ನೀರು ಕೊಟ್ಟಳು. ಅರವತ್ತರ ಹತ್ತಿರದ ಹೆಂಗಸು, ಹದಿನಾಲ್ಕು ಗಿಡಗಳನ್ನು ಹತ್ತು ದಿನದಲ್ಲಿ ಕಿತ್ತಳು. ಅವಳು ಗುದ್ದಲಿ ಹೊತ್ತು ಹೋಗುವುದನ್ನು ನಾನು ಆ ಹತ್ತು ದಿನವೂ ಕಿಟಕಿಯಿಂದ ನೋಡಿದೆ. ಹೋಗಲಿಲ್ಲ. ಹೋಗಲು ನನಗೆ ಮುಖವಿರಲಿಲ್ಲ.

ಹೋಳಿ ಮುಗಿದ ವಾರ ನಮ್ಮ ಮೇಲಿನವರ ಕಚೇರಿಯಿಂದ ಪತ್ರ ಬಂತು. ಅದರ ಜೊತೆಗೆ ಯಾರೋ ಬರೆದ ಮೂಗರ್ಜಿಯ ನಕಲು. ಸಹಿ ಇಲ್ಲ, ಊರಿಲ್ಲ. ಪಾಸ್ಟರನ ಹೆಂಡತಿ ದಿನವೆಲ್ಲ ಪರರ ತೋಟದಲ್ಲಿ ತಿರುಗುತ್ತಾಳೆ, ಅಲ್ಲಿಗೆ ಯಾರು ಯಾರೋ ಬಂದು ಹೋಗುತ್ತಾರೆ, ಸಭೆಯ ಮಾನ ಹೋಗುತ್ತಿದೆ ಎಂದು ನಾಲ್ಕು ಪುಟ. ಅಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ. ದಾನಪ್ಪನವರು ಬರೆಯುತ್ತಿದ್ದ ಸಭೆಯ ಹಾಜರಿ ಪುಸ್ತಕದಲ್ಲಿ ವಾರವಾರವೂ ನೋಡಿದ ಅಕ್ಷರ. ನಮ್ಮವರು ನಾಲ್ಕನೆಯ ಪುಟದವರೆಗೂ ಓದಿ, ಮಡಚಿ ಒಲೆಗೆ ಹಾಕಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬಸವನ ಬಾಗೇವಾಡಿಗೆ ವರ್ಗ ಆಗಿತ್ತು. ನಾನು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದೇ ಆಯಿತು. ಗೋಡೆಯ ಮೊಳೆ ಕಿತ್ತೆ, ಡಬ್ಬಿ ಇಳಿಸಿದೆ, ಪಾತ್ರೆ ಕಟ್ಟಿದೆ.

ಹೊರಡುವ ದಿನ ಟೆಂಪೋದಲ್ಲಿ ಸಾಮಾನು ಏರಿಸುತ್ತಿದ್ದಾಗ ನಾನು ತೋಟಕ್ಕೆ ಹೋದೆ. ಬಿಸಿಲು ಸುಡುತ್ತಿತ್ತು. ಸತ್ತ ಗಿಡಗಳ ಜಾಗವೆಲ್ಲ ಬೋಳಾಗಿತ್ತು. ಮಳೆಗಾಲಕ್ಕೆ ಹೊಸ ಸಸಿ ಇಡಲು ನೀಲಕ್ಕ ಗುಂಡಿ ತೆಗೆಯುತ್ತಿದ್ದಳು. ಬೇಸಿಗೆಯ ಬಿಸಿಲು ಕುಡಿದರೆ ಮಣ್ಣಿನ ವಿಷ ಇಳಿಯುತ್ತದೆಂದು ಸಾಹೇಬರು ಹೇಳಿದ್ದರಂತೆ.

"ಹೋಗಿ ಬರ್ತೇನಕ್ಕಾ" ಅಂದೆ.

ಅವಳು ತಲೆ ಎತ್ತಲಿಲ್ಲ. ನಾನು ತಿರುಗುವಷ್ಟರಲ್ಲಿ, "ಯಾಕ ಸುಮ್ಮನಿದ್ದಿ?" ಅಂದಳು.

ದಾರಿಯುದ್ದಕ್ಕೂ ಹೇಳಬೇಕೆಂದು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಿದ್ದುಹೋದವು. "ಮನಿ ಬಿಡಬೇಕಾಗ್ತೈತಂತ ಅಂಜಿದ್ನಿ" ಅಂದೆ.

"ಅಷ್ಟನ?"

"ಅಷ್ಟನ, ಅಕ್ಕಾ."

"ಹನ್ನೊಂದು ಗಿಡ ಅಂವನ್ವು. ಬಾವೀ ಕಡೆ ಮೂರರೊಳಗ ನಿಂದೂ ಪಾಲೈತಿ."

"ಹೌದಕ್ಕಾ. ಐತಿ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಹಣೆಯ ಬೆವರು ಒರೆಸಿಕೊಂಡು, ಗುದ್ದಲಿಯನ್ನು ನನ್ನ ಕಡೆ ಚಾಚಿದಳು.

"ಹಂಗಾರ ಮೂರು ಗುಂಡಿ ತಗದು ಹೋಗು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಬೇಸಿಗೆಯ ಎರೆಮಣ್ಣು ಕಲ್ಲಾಗಿತ್ತು. ಒಂದು ಗುಂಡಿ ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೆಯದಕ್ಕೆ ಅವು ಒಡೆದವು. ಟೆಂಪೋದವನು ರಸ್ತೆಯಿಂದ ಹಾರ್ನ್ ಹೊಡೆದು ಹೊಡೆದು ಸುಮ್ಮನಾದ. ನನ್ನನ್ನು ಹುಡುಕುತ್ತಾ ಬಂದ ನಮ್ಮವರು ಒಂದು ಗಳಿಗೆ ನಿಂತು ನೋಡಿ, ಅಂಗಿಯ ತೋಳು ಮಡಚಿ ಮಣ್ಣು ಎತ್ತಿ ಹಾಕಲು ಶುರುಮಾಡಿದರು. ಮೂರನೆಯ ಗುಂಡಿ ಸಾಕು ಅನ್ನಿಸಿ ಮೇಲೆ ಬಂದೆ. ನೀಲಕ್ಕ ಬಗ್ಗಿ, ಒಳಗೆ ಕೈ ಇಳಿಬಿಟ್ಟು ಆಳ ನೋಡಿದಳು.

"ಇನ್ನೊಂದು ಗೇಣು" ಅಂದಳು.

ನಾನು ಮತ್ತೆ ಗುಂಡಿಗೆ ಇಳಿದೆ.